ಬೀಜದ ಪೊಟ್ಟಣ ಓದೋ ಪಾಠ

ಮಕ್ಕಳಿಗೆ ಓದು ರೂಢಿಸೋಕೆ ಕಥೆಪುಸ್ತಕವೇ ಬೇಕು ಅಂತೇನಿಲ್ಲ. ಬೀಜದ ಪೊಟ್ಟಣ ಕೈಗಿಟ್ಟು "ಎಷ್ಟು ಆಳಕ್ಕೆ ಬಿತ್ತಬೇಕು, ಓದಿ ಹೇಳು" ಅನ್ನಿ. ತಪ್ಪು ಓದಿದರೆ ಮೊಳಕೆ ಮೇಲೆ ಬರಲ್ಲ! (ಬೀಜದ ದಪ್ಪದ 2-3 ಪಟ್ಟು ಆಳ ಅನ್ನೋದು ಅಂದಾಜು ಲೆಕ್ಕ.)

ಶುರುವಿಗೆ ಬೀನ್ಸ್ ಒಳ್ಳೇದು. ಬೆಚ್ಚಗಿನ ಮಣ್ಣಲ್ಲಿ ಸಾಮಾನ್ಯವಾಗಿ ವಾರ-ಹತ್ತು ದಿನಕ್ಕೆ ತಲೆ ಎತ್ತುತ್ತೆ. ಮಕ್ಕಳ ತಾಳ್ಮೆ ಅಷ್ಟೇ, ದೊಡ್ಡವರದ್ದೂ ಅಷ್ಟೇ ಬಿಡಿ. ಗಿಡ ಬಲಿತ ಮೇಲೆ ಒಂದನ್ನು ಮೆಲ್ಲಗೆ ಕಿತ್ತು ನೋಡಿ: ಬೇರಲ್ಲಿ ಪುಟ್ಟ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತೆ.

"ಗಾಳಿಯಿಂದ ಗೊಬ್ಬರ ಹೇಗೆ?" ಅಂತ ಮಗು ಕೇಳಿದರೆ ಎಷ್ಟೋ ಅಪ್ಪ-ಅಮ್ಮಂದಿರಿಗೂ ಉತ್ತರ ಗೊತ್ತಿರಲ್ಲ. ಆಗ ಮನೆಮಂದಿಯೆಲ್ಲ ಕೂತು ಪುಸ್ತಕ ತೆರೆಯೋದೇ.