ದೊಡ್ಡ ವಂಶಾವಳಿ ಫೈಲು ತೆವಳುವುದೇಕೆ?

ವಂಶಾವಳಿ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನನ್ನದು ಡೇಟಾಬೇಸ್ ಕೆಲಸ. ಫೈಲು ದೊಡ್ಡದಾದ ಮೇಲೆ ಪ್ರೋಗ್ರಾಂ ತೆವಳುತ್ತಿದೆ ಎಂದು ಯಾರಾದರೂ ದೂರಿದರೆ ಅವರಿಗೆ ಮೊದಲು ಸಿಗುವ ಸಲಹೆ ಎರಡು: ರ‍್ಯಾಮ್ ಹಾಕಿಸಿ, ಇಲ್ಲವೇ ಫೈಲನ್ನು ಒಡೆದು ಎರಡು ಮಾಡಿ. ಎರಡನೆಯದನ್ನು ದಯವಿಟ್ಟು ಮಾಡಬೇಡಿ. ಅಜ್ಜನ ಕಡೆಯವರು ಒಂದರಲ್ಲಿ, ಅಜ್ಜಿಯ ಕಡೆಯವರು ಇನ್ನೊಂದರಲ್ಲಿ ಉಳಿದರೆ, ವರ್ಷಗಟ್ಟಲೆ ಕೂತು ಜೋಡಿಸಿದ ಸಂಬಂಧಗಳೇ ಕಡಿದುಹೋಗುತ್ತವೆ. ಲಕ್ಷ ಜನರ ಪಟ್ಟಿ ನಾವು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಭಾರವಲ್ಲ. ನಾನು ಕಂಡಂತೆ ತೊಡಕಿರುವುದು ಎಷ್ಟು ಜನ ಎಂಬುದಕ್ಕಿಂತ ಅವರು ಹೇಗೆ ಹೆಣೆದುಕೊಂಡಿದ್ದಾರೆ ಎಂಬುದರಲ್ಲಿ.

ಹಳೇ ಮೈಸೂರು ಕಡೆಯ ಮನೆತನದ ಫೈಲೊಂದರಲ್ಲಿ ಪೂರ್ವಜರ ವರದಿ ಮುಗಿಯುತ್ತಲೇ ಇರಲಿಲ್ಲ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದು ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ಅಂಥ ದಂಪತಿಯ ಮಗುವಿಗೆ ತಂದೆಯ ತಂದೆ ತಾತ. ಅವರೇ ತಾಯಿಯ ತಾಯಿಗೂ ತಂದೆ, ಹಾಗಾಗಿ ಮುತ್ತಾತ ಕೂಡ. ನಮ್ಮ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಒಬ್ಬೊಬ್ಬರಿಂದ ತಂದೆ-ತಾಯಿ ಇಬ್ಬರಿಗೂ ಹತ್ತುತ್ತಾ ಹೋಗುತ್ತಿತ್ತು. ಲೆಕ್ಕದ ಪ್ರಕಾರ 20ನೇ ತಲೆಮಾರಿನಲ್ಲಿ 10,48,576 ಸ್ಥಾನಗಳು. ಸಂಬಂಧದೊಳಗೇ ಮದುವೆಯಾಗುವ ಮನೆತನದಲ್ಲಿ ಆ ಸ್ಥಾನಗಳಲ್ಲಿ ಕೂತಿರುವವರು ಮತ್ತೆ ಮತ್ತೆ ಅದೇ ಜನ. ಒಬ್ಬ ಮುತ್ತಾತನಿಗೆ ಎಷ್ಟು ದಾರಿಗಳಿವೆಯೋ ಅಷ್ಟು ಸಲ ಅವನ ಮೇಲಿನ ಇಡೀ ಕವಲನ್ನು ಪ್ರೋಗ್ರಾಂ ಹೊಸದಾಗಿ ಹತ್ತುತ್ತಿತ್ತು.

ಎಸ್‌ಕ್ಯೂಲೈಟ್‌ನಲ್ಲಿ 2014ರ 3.8.3 ಆವೃತ್ತಿಯಿಂದ, ಸಿಕ್ಕ ಉತ್ತರದಿಂದಲೇ ಮತ್ತೆ ಮುಂದಕ್ಕೆ ಹುಡುಕುವ ವಿತ್ ರಿಕರ್ಸಿವ್ ಸೌಲಭ್ಯವಿದೆ. ಅದರೊಳಗೆ ಯೂನಿಯನ್ ಆಲ್ ಎಂದು ಬರೆದರೆ ಒಬ್ಬನೇ ವ್ಯಕ್ತಿ ಎಷ್ಟು ಸಲ ಸಿಕ್ಕರೂ ಮತ್ತೆ ಸೇರುತ್ತಾನೆ. ಬರೀ ಯೂನಿಯನ್ ಎಂದರೆ ಒಮ್ಮೆ ಬಂದ ಸಾಲು ಮತ್ತೆ ಬರುವುದಿಲ್ಲ. ಆದರೆ ವರದಿಗೆ ಬೇಕೆಂದು ತಲೆಮಾರಿನ ಸಂಖ್ಯೆಯನ್ನೂ ಅದೇ ಸಾಲಿನಲ್ಲಿ ಇಟ್ಟರೆ ತಾತನಾಗಿ 2, ಮುತ್ತಾತನಾಗಿ 3. ಡೇಟಾಬೇಸಿನ ಕಣ್ಣಿಗೆ ಇವು ಎರಡು ಬೇರೆ ಸಾಲು. ಹಾಗಾಗಿ ನಾವು ರಿಕರ್ಸಿವ್ ಭಾಗದಲ್ಲಿ ವ್ಯಕ್ತಿಯ ಐಡಿಯನ್ನಷ್ಟೇ ಉಳಿಸಿಕೊಂಡೆವು. ತಲೆಮಾರನ್ನು ಆಮೇಲೆ ಪ್ರೋಗ್ರಾಂನಲ್ಲೇ, ಒಂದೊಂದು ಮೆಟ್ಟಿಲಾಗಿ ಹತ್ತಿ, ನೋಡಿದವರನ್ನು ಗುರುತು ಹಾಕಿಕೊಳ್ಳುತ್ತಾ ಎಣಿಸಿದೆವು. ವರದಿ ಕಣ್ಣೆದುರೇ ಬರತೊಡಗಿತು.

ಹೊರಗಿನ ಫೈಲನ್ನು ಒಳತರುವ ಇಂಪೋರ್ಟ್ ನಿಧಾನವಾಗಿದ್ದರೆ ಕಾರಣ ಸಾಮಾನ್ಯವಾಗಿ ಸರಳ. ಗೆಡ್‌ಕಾಂ (ವಂಶಾವಳಿ ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ಮಾದರಿ) ಫೈಲಿನ ಪ್ರತಿ ದಾಖಲೆಗೂ ಬೇರೆ ಬೇರೆ ಕಮಿಟ್, ಅಂದರೆ ಬರೆದದ್ದನ್ನು ಖಾಯಂ ಮಾಡುವ ಕೆಲಸ, ಆದರೆ ಪ್ರತಿ ಸಲವೂ ಡಿಸ್ಕ್ ಬರೆದು ಮುಗಿಸುವವರೆಗೆ ಕಾಯಬೇಕು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನೊಳಗೆ ತಂದು ಕೊನೆಗೊಮ್ಮೆ ಕಮಿಟ್ ಮಾಡಿ. ತಂದೆ, ತಾಯಿ, ಮಗು ಕಾಲಂಗಳಿಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದೆಯೇ ಎಂದು, ಡೇಟಾಬೇಸ್ ಹೇಗೆ ಹುಡುಕುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಹಾಕಿ ನೋಡಿ. ಸರ್ಚ್ ಇರಬೇಕಾದಲ್ಲಿ ಸ್ಕ್ಯಾನ್ ಕಂಡರೆ ಇಡೀ ಟೇಬಲ್ ಓದುತ್ತಿದೆ ಎಂದರ್ಥ. ಕನ್ನಡ ಹೆಸರುಗಳ ಅಕಾರಾದಿಗೆ ಪ್ರತಿ ಸಲ ಹೋಲಿಸುವ ಬದಲು, ಹೆಸರು ಬರೆಯುವಾಗಲೇ ವಿಂಗಡಣೆಯ ಕೀಲಿಯನ್ನು (ಅದು ಪಟ್ಟಿಯಲ್ಲಿ ಎಲ್ಲಿ ಬರಬೇಕೆಂದು ಹೇಳುವ ಗುರುತು) ಲೆಕ್ಕ ಹಾಕಿ ಒಂದು ಕಾಲಂನಲ್ಲಿಟ್ಟರೆ ಸಾಕು.

ಇನ್ನೊಂದು ತೊಡಕು ನಮ್ಮ ಕಡೆಯ ಫೈಲುಗಳಲ್ಲಿ ಸುಲಭವಾಗಿ ನುಸುಳುತ್ತದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಹೆಸರು ಒಂದೇ, ಊರೂ ಒಂದೇ. ಹುಟ್ಟಿದ ವರ್ಷ ದಾಖಲಾಗಿರುವುದಿಲ್ಲ. ಎರಡು ಸಲ ಸೇರಿಸಿದ್ದಾರೆಂದುಕೊಂಡು ಯಾರೋ ಇಬ್ಬರನ್ನೂ ಮರ್ಜ್ ಮಾಡುತ್ತಾರೆ, ಅಂದರೆ ಒಂದೇ ದಾಖಲೆಯಾಗಿ ಬೆಸೆಯುತ್ತಾರೆ. ಆಗ ಆ ವ್ಯಕ್ತಿ ತನಗೆ ತಾನೇ ತಾತನಾಗುತ್ತಾನೆ, ಸಂಬಂಧ ಸುತ್ತಾಗಿ ಕೂಡಿಕೊಳ್ಳುತ್ತದೆ. ತಲೆಮಾರು ಎಣಿಸುವ ಹಳೆಯ ಕ್ವೆರಿಗೆ ಅಲ್ಲಿಂದ ಹೊರಬರುವ ದಾರಿಯೇ ಇಲ್ಲ. ಸಂಖ್ಯೆ ಏರುತ್ತಲೇ ಇರುತ್ತದೆ, ಪರದೆ ನಿಂತುಬಿಡುತ್ತದೆ. ಬಳಸುವವರಿಗೆ ಇದೂ ನಿಧಾನವೆಂದೇ ಕಾಣುತ್ತದೆ.

ಈಗ ಮರ್ಜ್ ಒತ್ತಿದ ಕೂಡಲೇ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಪೂರ್ವಜರೇ ಎಂದು ಪ್ರೋಗ್ರಾಂ ಹುಡುಕುತ್ತದೆ. ಹೌದಾದರೆ ಇಬ್ಬರ ತಂದೆಯರ ಹೆಸರನ್ನೂ ಅಕ್ಕಪಕ್ಕ ತೋರಿಸಿ, ಮರ್ಜ್ ಮಾಡದೆ ನಿಲ್ಲುತ್ತದೆ.