ರಟ್ಟಿನ ರಂಗಮಂಚದ ಮೇಲೆ ‘ಸಿಸ್ಸಿ’: ಆರನೇ ವಾರ

ಈ ವಾರ ನನ್ನ ರಟ್ಟಿನ ರಂಗಮಂಚದ ಹಿಂಬದಿಯ ಪರದೆಯನ್ನು ಕಿತ್ತುಹಾಕಿದೆ. ಹತ್ತು ಸಂಜೆ ಕೂತು ಬಣ್ಣ ಹಚ್ಚಿದ್ದೆ. ಬೇಜಾರಾಯಿತು. ಆದರೆ ತಪ್ಪು ಅಂತ ಗೊತ್ತಾದ ಮೇಲೆ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

‘ಸಿಸ್ಸಿ’ ಒಂದು ಅಪೆರೆಟಾ, ಅಂದರೆ ಹಾಡು, ಮಾತು, ಕುಣಿತ ಮೂರೂ ಇರುವ ಹಗುರ ನಾಟಕ. ಸಂಗೀತ ಪಿಟೀಲು ವಾದಕ ಫ್ರಿಟ್ಜ್ ಕ್ರೈಸ್ಲರ್‌ನದು. ಮೊದಲ ಪ್ರದರ್ಶನ ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ, 1932ರ ಡಿಸೆಂಬರ್ 23ರಂದು. ಮಾರನೇ ದಿನವೇ ನಿಜವಾದ ಸಿಸ್ಸಿ, ಅಂದರೆ ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್ ಹುಟ್ಟಿದ ದಿನ! ಅದನ್ನೇ ನಾನು ಎರಡಡಿ ಅಗಲದ ರಟ್ಟಿನ ರಂಗಮಂಚದಲ್ಲಿ ಕಟ್ಟುತ್ತಿದ್ದೇನೆ.

ಕಥೆಯ ಬೇರು 1853ರ ಆಗಸ್ಟ್, ಆಸ್ಟ್ರಿಯಾದ ಬಾಡ್ ಇಶ್ಲ್. ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ಗೆ ಹಿರಿಯರು ಮದುವೆಗೆ ನೋಡಿದ್ದು ಹೆಲೆನೆಯನ್ನು. ಅವನು ಮನಸೋತದ್ದು ಅವಳ ತಂಗಿ ಸಿಸ್ಸಿಗೆ. ತಂಗಿಗಿನ್ನೂ ಹದಿನೈದು ವರ್ಷ.

ನಾನು ಪರದೆಯಲ್ಲಿ ಬರೆದಿದ್ದು ಚಕ್ರವರ್ತಿಯ ಬೇಸಿಗೆ ಮನೆ ಕೈಸರ್‌ವಿಲ್ಲಾ. ಆಗ ಅದು ರಾಜಮನೆತನದ ಕೈಯಲ್ಲಿರಲೇ ಇಲ್ಲ. ನಿಶ್ಚಿತಾರ್ಥ ಆದ ಮೇಲೆ ಚಕ್ರವರ್ತಿಯ ತಾಯಿ ಸೋಫಿ ಮದುವೆ ಉಡುಗೊರೆಗೆಂದು ಕೊಂಡರು. ನಿಶ್ಚಿತಾರ್ಥ ನಡೆದದ್ದು ಟ್ರೌನ್ ನದಿ ದಂಡೆಯ ಸೇಅವರ್ ಮನೆಯಲ್ಲಿ. ಈಗ ಅದು ಊರಿನ ಮ್ಯೂಸಿಯಂ. ಹಾಗಾಗಿ ಹೊಸ ಪರದೆ: ಆ ಮನೆ, ಮುಂದೆ ನದಿ. ನೀರಿಗೆ ತೆಳು ನೀಲಿ ಪಾರದರ್ಶಕ ಹಾಳೆ, ಅದರ ಹಿಂದೆ ಒಂದೇ ಎಲ್‌ಇಡಿ. ಚೆನ್ನಾಗಿ ಬಂದಿದೆ.

ಉಡುಪಿನದು ಜಾಸ್ತಿ ಕಷ್ಟ. ನೆಂಟರಲ್ಲಿ ಸಾವಾಗಿದ್ದರಿಂದ ಹೆಲೆನೆ, ಸಿಸ್ಸಿ, ಅವರ ತಾಯಿ ಕಪ್ಪು ಬಟ್ಟೆಯಲ್ಲೇ ಇಶ್ಲ್‌ಗೆ ಬಂದರು. ಬೇರೆ ಬಟ್ಟೆಗಳಿದ್ದ ಪೆಟ್ಟಿಗೆಗಳು ಇನ್ನೂ ದಾರಿಯಲ್ಲಿದ್ದವು. ಕಪ್ಪು ಹೆಲೆನೆಗೆ ಒಪ್ಪಲಿಲ್ಲ, ತಂಗಿಗೆ ಒಪ್ಪಿತು ಅನ್ನುತ್ತಾರೆ. ಆದರೆ ನನ್ನ ಕಪ್ಪು ಕಾಗದ ಬೆಳಕನ್ನೆಲ್ಲ ನುಂಗಿ, ಗೊಂಬೆಗಳು ಸುಮ್ನೆ ಮಸಿಯ ಚುಕ್ಕೆಗಳ ಹಾಗೆ ಕಂಡವು. ಮಡಿಕೆಗಳ ಅಂಚಿಗೆ ಬೂದು ಬಣ್ಣದ ಗೆರೆ ಎಳೆದು, ದೀಪವನ್ನು ಪಕ್ಕಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಆಗಸ್ಟ್ 17ರ ನೃತ್ಯದ ದೃಶ್ಯ ಅರ್ಧ ಮುಗಿದಿದೆ. ಕೋಟಿಲಿಯನ್ ಕುಣಿತದಲ್ಲಿ ಚಕ್ರವರ್ತಿ ತನ್ನ ಹೂಗುಚ್ಛವನ್ನು ತಂಗಿಗೆ ಕೊಟ್ಟ. ನೋಡಿದವರಿಗೆಲ್ಲ ಅರ್ಥ ಆಗಿಹೋಯಿತು. ಟಿಶ್ಯೂ ಕಾಗದವನ್ನು ಸೂಜಿ ತುದಿಯಲ್ಲಿ ಸುತ್ತಿ ಆ ಗುಚ್ಛ ಮಾಡಿದೆ.

ಉಳಿದಿರುವುದು ಹೆಲೆನೆ. ಬಿಳಿ ರೇಷ್ಮೆ ಉಡುಪು, ಕಾಗದದ ಹಸಿರು ಬಳ್ಳಿ, ಎಲ್ಲ ತಯಾರಿದೆ. ಐದು ವರ್ಷದ ನಂತರ ಅವಳಿಗೂ ಮದುವೆಯಾಯಿತು, ಅದು ಗೊತ್ತು. ಆದರೆ ಆ ರಾತ್ರಿ ಅವಳೂ ಅಲ್ಲೇ ಇದ್ದಳು ಅಲ್ವಾ? ಮೂಲೆಯಲ್ಲಿ ನಿಲ್ಲಿಸಿದರೆ ಮರೆತಂತೆ ಕಾಣುತ್ತದೆ. ಮುಂದೆ ನಿಲ್ಲಿಸಿದರೆ ಕ್ರೂರ ಅನಿಸುತ್ತದೆ. ಮೂರು ಸಲ ಜಾಗ ಬದಲಿಸಿದೆ. ಇನ್ನೂ ಗೋಂದು ಹಚ್ಚಿಲ್ಲ.