ಗಂಜಿ ಮೇಲೆ ತಣ್ಣಗಿದ್ದರೆ ಸಾಲದು

ಮಳೆಗಾಲ ಬಂದರೆ ನಮ್ಮ ಉಡುಪಿ ಕಡೆ ಎಲ್ಲವೂ ಬಿಸಿಬಿಸಿಯೇ ಆಗಬೇಕು. ಕುಚ್ಚಲಕ್ಕಿ ಗಂಜಿ, ಮೂಡೆ, ಸಂಜೆಗೆ ಗೋಳಿಬಜೆ. ನಮಗೆ ಬಾಯಿ ಸುಟ್ಟರೆ ತಕ್ಷಣ ಉಗುಳುತ್ತೇವೆ. ಒಂದೂವರೆ ವರ್ಷದ ಮಗುವಿಗೆ ಅದು ಗೊತ್ತಾಗಲ್ಲ, ಗಾಬರಿಯಲ್ಲಿ ನುಂಗಿಬಿಡುತ್ತದೆ, ಇಲ್ಲವೇ ಅಳೋಕೆ ಅಂತ ಜೋರಾಗಿ ಉಸಿರೆಳೆದುಕೊಳ್ಳುತ್ತದೆ, ಬಿಸಿ ತುತ್ತು ಸೀದಾ ಗಂಟಲ ಹಿಂದಕ್ಕೆ ಹೋಗುತ್ತದೆ.

ಅಲ್ಲೇ ಇರುವುದು ಎಪಿಗ್ಲಾಟಿಸ್. ನಾವು ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚುವ ಪುಟ್ಟ ಮುಚ್ಚಳ. ಸುಟ್ಟರೆ ಅದೂ ಅದರ ಸುತ್ತಲಿನ ಜಾಗವೂ ಊದುತ್ತದೆ. ಎಳೆಕೂಸಿನ ಉಸಿರಿನ ದಾರಿ ಇರುವುದೇ ಸುಮಾರು 4 ಮಿಲಿಮೀಟರ್ ಅಗಲ. ಸುತ್ತಲೂ 1 ಮಿಲಿಮೀಟರ್ ಊದಿದರೆ ಗಾಳಿ ಹೋಗೋಕೆ ಉಳಿಯುವ ಜಾಗ ಕಾಲು ಭಾಗ ಮಾತ್ರ.

ನನಗೆ ಜಾಸ್ತಿ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಈ ಊತ ಕೂಡಲೇ ಬರಬೇಕೆಂದಿಲ್ಲ. ಮಗು ಅತ್ತು, ನೀರು ಕುಡಿದು, ಸುಮ್ಮನಾಗಿ ಆಟಕ್ಕೂ ಹೋಗಿರುತ್ತದೆ, ಮನೆಯವರು "ನಾಲಗೆ ಸುಟ್ಟದ್ದು ಅಷ್ಟೇ, ನಾಳೆಗೆ ಸರಿಯಾಗ್ತದೆ" ಅಂತ ಬಿಟ್ಟಿರುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ಜೊಲ್ಲು ಸುರಿಯೋಕೆ ಶುರುವಾಗುತ್ತದೆ, ಏನೂ ನುಂಗಲ್ಲ, ಸ್ವರ ಒಡೆಯುತ್ತದೆ, ಉಸಿರೆಳೆಯುವಾಗ ಕೀರಲು ಸದ್ದು ಬರುತ್ತದೆ, ಕೆಲವು ಮಕ್ಕಳು ಮಲಗೋಕೇ ಒಪ್ಪದೆ ಮುಂದಕ್ಕೆ ಬಾಗಿ ಕೂರುತ್ತಾರೆ. ಇದರಲ್ಲಿ ಒಂದು ಕಂಡರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗಂಟಲು ನೋಡ್ತೇನೆ ಅಂತ ಬೆರಳು, ಚಮಚ ಹಾಕಬೇಡಿ, ವಾಂತಿ ಮಾಡಿಸಬೇಡಿ, ತುಪ್ಪ, ಜೇನು ಏನೂ ತಿನ್ನಿಸಬೇಡಿ. ಮಗು ಹೇಗೆ ಕೂತಿದೆಯೋ ಹಾಗೇ ಕೂರಲಿ, ಅಳಿಸಬೇಡಿ. ಆಸ್ಪತ್ರೆಯಲ್ಲಿ "ಬಿಸಿ ಗಂಜಿ ನುಂಗಿದೆ" ಅಂತ ಮೊದಲೇ ಹೇಳಿ, ಯಾಕಂದ್ರೆ ಬಾಯೊಳಗೆ ಬೊಕ್ಕೆ ಕಾಣದೆಯೂ ಇರಬಹುದು, ಜ್ವರ, ಸೋಂಕು ಅಂತ ಹುಡುಕುತ್ತಾ ಹೊತ್ತು ಹೋಗಬಾರದು ಅಲ್ವಾ. ಊತ ಜೋರಾಗಿದ್ದರೆ ಉಸಿರಿಗೆ ಕೊಳವೆ ಹಾಕಬೇಕಾಗುತ್ತದೆ.

ಗಂಜಿಯ ಮೇಲೆ ಕೆನೆ ಕಟ್ಟಿದ ಮೇಲೂ ಅಡಿಯಲ್ಲಿ ಬಿಸಿ ಹಾಗೇ ಇರುತ್ತದೆ. ಅಗಲ ಬಟ್ಟಲಿಗೆ ಸುರಿದು, ತಿರುವಿ, ನಿಮ್ಮ ತುಟಿಗೆ ತಾಗಿಸಿ ನೋಡಿ. ಗೋಳಿಬಜೆಯನ್ನು ಮುರಿದು, ಒಳಗಿನ ಹಬೆ ಹೋದ ಮೇಲೆಯೇ ಮಗುವಿನ ಕೈಗೆ ಕೊಡಿ. ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದ್ದು ಇನ್ನೂ ಮೋಸ, ಒಂದು ಕಡೆ ಉಗುರುಬೆಚ್ಚಗಿದ್ದರೆ ಇನ್ನೊಂದು ಕಡೆ ಕುದಿಯುತ್ತಿರಬಹುದು. ಹಾಲಿನ ಬಾಟಲಿಯನ್ನಂತೂ ಅದರಲ್ಲಿ ಇಡಲೇಬೇಡಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು, ಕುಲುಕಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಕೊಡಿ.